ಮಧ್ಯಾಹ್ನ ಬಂದ ದ್ವಾದಶಿ

ಕಾರ್ಕಳದಲ್ಲಿ ನನ್ನ ತವರಿನ ಕಡೆಯ ಮದುವೆಮನೆಯಲ್ಲಿ ಮುಹೂರ್ತಕ್ಕೆಂದು ಗೋಡೆಗೆ ತೂಗುಹಾಕಿದ್ದ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ ಆಗಿತ್ತು. ಆಗ ನನ್ನ ಗಂಡ ಶ್ರೀಪತಿ ಊಟದ ಪಂಕ್ತಿಯ ನಡುವೆ ಎದ್ದರು.

ಬೇರೆ ಊರಿನವರಿಗೆ ಇದರಲ್ಲಿ ವಿಶೇಷ ಕಾಣಲಿಕ್ಕಿಲ್ಲ. ಉಡುಪಿ ಕಡೆಯ ನಮ್ಮಂಥ ಮನೆಗಳಲ್ಲಿ ಎಲೆಯ ಮುಂದೆ ಕೂತ ಮೇಲೆ ಎಲ್ಲರ ಊಟ ಮುಗಿಯುವವರೆಗೆ ಯಾರೂ ಏಳುವುದಿಲ್ಲ, ಮಕ್ಕಳನ್ನೂ ಏಳಲು ಬಿಡುವುದಿಲ್ಲ. ಇವರು ಎದ್ದದ್ದಲ್ಲದೆ ಪಕ್ಕದವರ ಎಲೆಯ ತುದಿ ಮೆಟ್ಟಿಕೊಂಡು ಹಿತ್ತಲಿಗೆ ಹೋದರು. ಇವರ ಎಲೆಯಲ್ಲಿ ಅನ್ನ ಬಡಿಸಿದ ಹಾಗೆಯೇ ಇತ್ತು, ನೀರಿನ ಲೋಟ ಮಾತ್ರ ಖಾಲಿ. (ಇದನ್ನು ಅವರಿಗೆ ಓದಲು ಕೊಟ್ಟಾಗ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಾರೆ: ‘ಎಲೆ ಮೆಟ್ಟಿಲ್ಲ, ದಾಟಿದೆ.’ ಪ್ರೂಫ್ ನೋಡುವವರನ್ನು ಮದುವೆಯಾದರೆ ಹೀಗೆಯೇ. ನಾನು ತಿದ್ದಲಿಲ್ಲ, ಯಾಕೆಂದರೆ ನಾನು ಕಣ್ಣಾರೆ ನೋಡಿದ್ದೆ.)

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಇವರಿಗೆ ಇಪ್ಪತ್ತೆಂಟು ವರ್ಷ. ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪ್ರೂಫ್ ರೀಡರ್. ನಾನು ಬಿ.ಎಸ್ಸಿ. ಮುಗಿಸಿ ಕಾಪುವಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಉಡುಪಿಯಲ್ಲಿ ಅತ್ತೆಯ ಜೊತೆ ನಮ್ಮ ಸಂಸಾರ. ಮನೆಯಲ್ಲಿ ಆಡುವುದು ತುಳು, ಆ ಮಾತುಗಳನ್ನೆಲ್ಲ ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಕಾರ್ಕಳದ ಆ ಮದುವೆಗೆ ಕೆಲವು ವಾರ ಮುಂಚಿನಿಂದಲೇ ಇವರಿಗೆ ತೀರದ ಬಾಯಾರಿಕೆ. ತಂಬಿಗೆ ತಂಬಿಗೆ ನೀರು ಕುಡಿಯುವುದು, ಮತ್ತೆ ಮತ್ತೆ ಬಚ್ಚಲಿಗೆ ಹೋಗುವುದು. ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ್ದರು. ನಾವು ಬೇಸಗೆಯ ಸೆಕೆ ಎಂದುಕೊಂಡೆವು. ನನ್ನ ತವರಿನವರು ತಮಾಷೆ ಮಾಡಿದರು: ‘ಎಂತ ಸುಮತಿ, ಗಂಡನಿಗೆ ಅನ್ನ ಹಾಕುತ್ತೀಯೋ, ಪಾಠ ಮಾತ್ರ ಮಾಡುತ್ತೀಯೋ?’ ನಾನೂ ನಕ್ಕಿದ್ದೆ.

ಹಿತ್ತಲಿಗೆ ಓಡಿ ಹೋಗಿ ನೋಡಿದರೆ ಇವರು ಬಾವಿಕಟ್ಟೆ ಹಿಡಿದು ವಾಂತಿ ಮಾಡುತ್ತಿದ್ದರು. ವಾಂತಿ ನಿಂತ ಮೇಲೂ ಏದುಸಿರು ನಿಲ್ಲಲಿಲ್ಲ. ಗುಡ್ಡ ಹತ್ತಿ ಓಡಿ ಬಂದವರ ಹಾಗೆ ಆಳವಾಗಿ, ಒಂದೇ ಸಮನೆ ಎಳೆಯುತ್ತಿದ್ದರು. ಮೈ ಮಾತ್ರ ನಿದ್ದೆಯಲ್ಲಿರುವವರ ಹಾಗೆ ಸಡಿಲವಾಗಿತ್ತು. ನನ್ನ ಸೋದರಮಾವ ವಾಸುಮಾವ ಹಿಂದೆಯೇ ಬಂದರು. ನನ್ನನ್ನು ಒಂದು ಬದಿಗೆ ಕರೆದರು.

‘ಇವನು ಬೆಳಿಗ್ಗೆ ಪೇಟೆಗೆ ಎಲ್ಲಿಗಾದರೂ ಹೋಗಿದ್ದನಾ?’

‘ಇಲ್ಲ ಮಾವ. ಯಾಕೆ?’

‘ಬಾಯಿ ವಾಸನೆ ಬರ್ತಾ ಉಂಟು ಮಾರಾಯ್ತಿ. ನಾನು ಹೇಳುವುದಲ್ಲ, ಕುಡಿದು ಬಂದಿದ್ದಾನೆ ಅಂತ ಅಲ್ಲಿ ಒಳಗೆ ಮಾತಾಡ್ತಾ ಇದ್ದಾರೆ.’

ಕಾಫಿಯ ಎರಡನೇ ಲೋಟಕ್ಕೂ ತಾಯಿಯ ಮುಖ ನೋಡುವ ಮನುಷ್ಯ ಇವರು. ನಾನು ಹತ್ತಿರ ಹೋಗಿ ಮೂಸಿದೆ. ವಾಸನೆ ಇತ್ತು, ನಿಜ. ಕೋಣೆಯ ಮೂಲೆಯಲ್ಲಿ ಮರೆತು ಹೋದ ಬಾಳೆಗೊನೆ ಕಳಿತು ಕಪ್ಪಾಗುವಾಗ ಬರುವ ಸಿಹಿ ವಾಸನೆ. ಇಷ್ಟು ವರ್ಷಗಳ ನಂತರವೂ ಹಣ್ಣಿನಂಗಡಿಯ ಮುಂದೆ ನನ್ನ ಕಾಲು ಒಂದು ಕ್ಷಣ ನಿಲ್ಲುತ್ತದೆ.

‘ಬಿಸಿಲಿಗೆ ಪಿತ್ತ ಕೆರಳಿದೆ, ಪಾನಕ ಕುಡಿಸಿ’ ಎಂದು ಚಿಕ್ಕಮ್ಮ ಬೆಲ್ಲದ ಪಾನಕ ತಂದರು. ಬಾಯಾರಿದವರಿಗೆ ಬೆಲ್ಲ ಕೊಡುವುದು ನಮ್ಮ ಕಡೆ ಕಲಿತು ಬರುವ ವಿಷಯವೇ ಅಲ್ಲ, ಕೈ ತಾನಾಗಿ ಕೊಡುತ್ತದೆ. ಇವರು ಗಟಗಟ ಕುಡಿದರು, ಇನ್ನೂ ಬೇಕೆಂದು ಲೋಟ ಚಾಚಿದರು. ಎಲ್ಲರಿಗೂ ಸಮಾಧಾನವಾಯಿತು. ಅರ್ಧ ಗಂಟೆಯಲ್ಲಿ ಕೂರಲೂ ಆಗದೆ ಒರಗಿದಾಗ ಮದುಮಗನ ಕಡೆಯವರ ಅಂಬಾಸಿಡರ್ ಕಾರು ಕೇಳಿ ಪಡೆದೆವು. ವಾಸುಮಾವ ಎರಡು ಬಾಟ್ಲಿ ಪಾನಕ ತುಂಬಿಸಿಕೊಂಡು ಮುಂದೆ ಕೂತರು.

ಕಾರ್ಕಳದಿಂದ ಮಣಿಪಾಲದ ಆ ದಾರಿಯನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಹೋಗಿ ಬಂದಿದ್ದೇನೋ ಲೆಕ್ಕವಿಲ್ಲ. ಬೈಲೂರು ದಾಟುವಾಗ ನೀರು ಕೇಳಿದರು, ಪಾನಕ ಕೊಟ್ಟೆವು. ಹಿರಿಯಡ್ಕದಲ್ಲಿ ಮತ್ತೆ ಕೊಟ್ಟೆವು. ಪರ್ಕಳ ಬರುವಷ್ಟರಲ್ಲಿ ಇವರಿಗೆ ನನ್ನ ಗುರುತು ಹತ್ತುತ್ತಿರಲಿಲ್ಲ. ಕಾರಿನ ಚಾವಣಿ ನೋಡುತ್ತ, ‘ಈ ಸಾಲಿನಲ್ಲಿ ಒಂದು ಒತ್ತು ಬಿಟ್ಟುಹೋಗಿದೆ’ ಎಂದರು. ‘ಆಯ್ತು, ಸರಿ ಮಾಡುವ’ ಎಂದು ಹೇಳಿದೆ. ಬೇರೆ ಎಂತ ಹೇಳುವುದು?

ಅದೇ ವಾರ ಒಂಬತ್ತನೇ ತರಗತಿಯ ಹಲಗೆಯ ಮೇಲೆ ನಾನು ಉಸಿರಾಟದ ಸಮೀಕರಣ ಬರೆದಿದ್ದೆ. ಎಡಗಡೆ ಗ್ಲೂಕೋಸು ಮತ್ತು ಆಮ್ಲಜನಕ, ಬಲಗಡೆ ಇಂಗಾಲದ ಡೈಆಕ್ಸೈಡು, ನೀರು, ಶಕ್ತಿ. ನಡುವೆ ಒಂದು ಬಾಣ. ಆ ಬಾಣವನ್ನು ಸೀಮೆಸುಣ್ಣದಿಂದ ಒಂದೇ ಎಳೆತಕ್ಕೆ ಎಳೆದಿದ್ದೆ. ಉಂಡ ಅನ್ನ ಗ್ಲೂಕೋಸ್ ಆಗುತ್ತದೆ, ಮೈಯ ಒಂದೊಂದು ಕಣದಲ್ಲೂ ಅದು ಹೊಗೆಯಿಲ್ಲದೆ ಉರಿಯುತ್ತದೆ, ಅದರಿಂದ ನೀವು ಓಡುತ್ತೀರಿ, ಆಡುತ್ತೀರಿ ಎಂದು ಹೇಳಿ ಗಂಟೆ ಹೊಡೆದ ಕೂಡಲೇ ಒರೆಸಿದ್ದೆ. ಇವರ ಪ್ರಾಣ ಆ ಬಾಣದೊಳಗೆ ಸಿಕ್ಕಿಕೊಂಡಿದೆ ಎಂದು ಕಾರಿನಲ್ಲಿ ಕೂತಾಗ ನನಗೆ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಇವರನ್ನು ನೋಡಿದ್ದು ಒಬ್ಬ ಹೆಂಗಸು ಡಾಕ್ಟರು, ನನಗಿಂತ ಕೆಲವೇ ವರ್ಷ ದೊಡ್ಡವರು. ಮೊದಲು ಬಗ್ಗಿ ಉಸಿರಿನ ವಾಸನೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

‘ನೀರು ತುಂಬಾ ಕುಡಿಯುತ್ತಿದ್ದರಾ?’

‘ಹೌದು.’

‘ದಾರಿಯಲ್ಲಿ ಎಂತ ಕೊಟ್ಟಿರಿ?’

‘ಒಳ್ಳೆ ಬೆಲ್ಲದ ಪಾನಕ’ ಎಂದರು ವಾಸುಮಾವ. ‘ಶಕ್ತಿ ಇರಲಿ ಅಂತ.’

ಡಾಕ್ಟರ್ ಬೈಯಲಿಲ್ಲ. ‘ಆಯ್ತು. ಇನ್ನು ನಾವು ನೋಡಿಕೊಳ್ಳುತ್ತೇವೆ’ ಎಂದು ಪರದೆ ಎಳೆದರು. ಸಕ್ಕರೆ ಕಾಯಿಲೆ ಎಂಬ ಶಬ್ದ ನಮಗೆ ಹೇಳಿದ್ದು ಆಮೇಲೆ. ವಾಸುಮಾವ ಬಾಟ್ಲಿಯಲ್ಲಿ ಉಳಿದಿದ್ದ ಪಾನಕವನ್ನು ಹೊರಗೆ ಕ್ರೋಟನ್ ಗಿಡದ ಬುಡಕ್ಕೆ ಚೆಲ್ಲಿದರು.

ವಾರ್ಡಿನ ಹೊರಗೆ ಉದ್ದದ ವರಾಂಡ. ಮಣಿಪಾಲ ಎತ್ತರದಲ್ಲಿರುವುದರಿಂದ ಸಂಜೆಯಾದರೆ ಗಾಳಿ ಚೆನ್ನಾಗಿ ಬೀಸುತ್ತದೆ. ಪಡುವಣದಲ್ಲಿ ಸಮುದ್ರ ಒಂದು ಗೆರೆಯಷ್ಟು ಕಾಣುತ್ತದೆ. ಅಲ್ಲಿ ಕಾಪುವಿನ ಮೀನುಗಾರರ ಮನೆಯ ಲಕ್ಷ್ಮಿಯಕ್ಕ ಗಂಡನ ಜೊತೆಗೆಂದು ಬಂದು ಎಷ್ಟೋ ವಾರಗಳಿಂದ ಇದ್ದರು. ತಮ್ಮ ಚಾಪೆಯ ಅರ್ಧ ನನಗೆ ಬಿಟ್ಟುಕೊಟ್ಟರು. ಒಳಗಿನಿಂದ ನರ್ಸ್ ಓಡಿದ ಸದ್ದಾದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ.

‘ಕೂತುಕೊಳ್ಳಿ ಟೀಚರೇ’ ಎಂದರು. ‘ಸಿಸ್ಟರ್ ಓಡಿದರೆ ಹೆದರಲಿಕ್ಕಿಲ್ಲ. ಓಡುವುದು ಎಂತಾದರೂ ಮಾಡಲಿಕ್ಕೆ ಉಂಟು ಅಂತ. ಮೆಲ್ಲ ನಡೆದು ಬಂದು ನಿಮ್ಮ ಹೆಸರು ಕೇಳಿದರೆ ಆಗ ಏಳಿ.’

ಆಸ್ಪತ್ರೆಯ ವರಾಂಡದಲ್ಲಿ ಕಾಯುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಮಾತನ್ನು ಲಕ್ಷ್ಮಿಯಕ್ಕನ ಹೆಸರಿನಲ್ಲಿ ಅವರಿಗೆ ಕೊಡುತ್ತೇನೆ. ನನ್ನನ್ನು ಅದೊಂದೇ ಹಿಡಿದು ನಿಲ್ಲಿಸಿತ್ತು. ಓಡಲಿ, ಇನ್ನೂ ಓಡಲಿ ಎಂದುಕೊಳ್ಳುತ್ತ ಕೂತಿದ್ದೆ.

ಅತ್ತೆ ಸಂಜೆ ಉಡುಪಿಯಿಂದ ಬಂದರು. ಅಳಲಿಲ್ಲ. ಹೊರಗಿನ ನೀರು ಮುಟ್ಟದ ಹೆಂಗಸು, ಮನೆಯಿಂದ ತಂದ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತರು. ‘ಇವನ ಅಪ್ಪನೂ ಹೀಗೇ ಸೊರಗಿ ಹೋದದ್ದು. ಆಗ ನಮಗೆ ಯಾರೂ ಕಾಯಿಲೆಯ ಹೆಸರು ಹೇಳಲಿಲ್ಲ’ ಎಂದಷ್ಟೇ ಹೇಳಿದರು. ಮಾವನವರ ಸಾವಿನ ಬಗ್ಗೆ ಅವರು ಮಾತಾಡಿದ್ದು ಅದೇ ಮೊದಲು.

ಎರಡು ದಿನ ಕಳೆದು ಒಂದು ಬೆಳಿಗ್ಗೆ ಇವರು ಕಣ್ಣು ಬಿಟ್ಟರು. ನನ್ನನ್ನು ನೋಡಿ, ಬಾಡಿದ ತುಟಿಯಿಂದ ಕೇಳಿದ್ದು: ‘ಪಂಕ್ತಿ ಎದ್ದಿತಾ?’

ನಾನು ನಗಲಾರಂಭಿಸಿದವಳು ಅಳುತ್ತ ನಿಲ್ಲಿಸಿದೆ.

ಡಾಕ್ಟರು ನಮಗೆಲ್ಲ ಅರ್ಥ ಮಾಡಿಸಲು ಪುಸ್ತಕದ ಮಾತು ಆಡಲಿಲ್ಲ. ಅತ್ತೆಯ ಪಕ್ಕ ಬೆಂಚಿನಲ್ಲೇ ಕೂತರು.

‘ನೀವು ಏಕಾದಶಿ ಮಾಡುತ್ತೀರಲ್ಲ ಅಮ್ಮ?’

‘ಮಾಡುತ್ತೇವೆ. ನೀರೂ ಕುಡಿಯುವುದಿಲ್ಲ.’

‘ನಿಮ್ಮ ಮಗನ ಮೈಗೆ ಇಷ್ಟು ದಿನ ಏಕಾದಶಿಯೇ ಆಗಿತ್ತು. ಎಲೆ ತುಂಬ ಬಡಿಸಿತ್ತು, ಒಳಗೆ ತೆಗೆದುಕೊಳ್ಳಲಿಕ್ಕೆ ಆಗುತ್ತಿರಲಿಲ್ಲ. ರಕ್ತದಲ್ಲಿ ಸಕ್ಕರೆ ತುಂಬಿ ಹರಿಯುತ್ತಿತ್ತು, ಮೈ ಹಸಿದು ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತಿತ್ತು. ಆ ವಾಸನೆ ಅದರದ್ದು. ಈ ಇಂಜೆಕ್ಷನ್ ಬಾಗಿಲು ತೆಗೆಯುತ್ತದೆ. ದಿನವೂ ಬೇಕು, ಒಂದು ದಿನವೂ ತಪ್ಪಬಾರದು. ಊಟವೂ ಹೊತ್ತಿಗೆ ಸರಿಯಾಗಿ ಆಗಬೇಕು.’

ನಾವು ಮನೆಗೆ ಹೊರಡುವಾಗ ಡಾಕ್ಟರು ನನ್ನನ್ನು ಕರೆದು ಇನ್ನೊಂದು ಮಾತೂ ಹೇಳಿದರು: ಸುಮ್ಮನೆ ಬೆವರಿ, ಮಾತು ಅಡ್ಡಾದಿಡ್ಡಿಯಾದರೆ ಎಚ್ಚರ ಇರುವಾಗಲೇ ಸಕ್ಕರೆ ನೀರು ಕುಡಿಸಿ.

ಮನೆಯಲ್ಲಿ ಹೊಸ ದಿನಚರಿ ಶುರುವಾಯಿತು. ಗಾಜಿನ ಸಿರಿಂಜನ್ನು ಪಾತ್ರೆಯಲ್ಲಿ ಕುದಿಸುವುದು. ಫ್ರಿಜ್ ಇಲ್ಲದ ಕಾರಣ ಔಷಧದ ಸೀಸೆಯನ್ನು ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿ ಹೂತಿಡುವುದು. ಹಿತ್ತಲ ಜಗಲಿಯಲ್ಲಿ ಸ್ಪಿರಿಟ್ ದೀಪ ಹಚ್ಚಿ ಮೂತ್ರ ಪರೀಕ್ಷೆ ಮಾಡುವುದು. ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಿದಾಗ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರು, ಹಳದಿ ದಾಟಿ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಬಹಳ ಉಂಟು. ಬಣ್ಣ ನೋಡುವ ಕೆಲಸ ಅತ್ತೆಯೂ ಕಲಿತರು. ಜಪಮಣಿ ಹಿಡಿದುಕೊಂಡೇ ದೂರದಿಂದ, ‘ಇವತ್ತು ಹಸಿರು. ನಿನ್ನೆ ಹೋಳಿಗೆ ಕದ್ದು ತಿಂದಿದ್ದಾನೆ’ ಎಂದು ತೀರ್ಪು ಕೊಡುತ್ತಿದ್ದರು. ಇನ್ಸುಲಿನ್ ಎಂಬ ಆ ಔಷಧವನ್ನು ಆಗ ದನ, ಹಂದಿಗಳಿಂದ ತೆಗೆಯುತ್ತಿದ್ದರೆಂದು ಇವರಿಗೂ ನನಗೂ ಗೊತ್ತಿತ್ತು. ಅತ್ತೆ ಒಮ್ಮೆಯೂ ಕೇಳಲಿಲ್ಲ. ಮಡಕೆಗೆ ಮಾತ್ರ ದೇವರ ಕೋಣೆಯಿಂದ ದೂರದ ಜಾಗ ತೋರಿಸಿದರು. ಅವರಿಗೂ ಗೊತ್ತಿತ್ತೆಂದು ನನ್ನ ಅನುಮಾನ.

ಆಮೇಲೆ ಏಕಾದಶಿ ಬಂತು. ಅದರ ಹಿಂದಿನ ಏಕಾದಶಿಗೆ ಇವರು ಆಸ್ಪತ್ರೆಯಲ್ಲಿದ್ದರು, ಇದು ಮನೆಗೆ ಬಂದ ಮೇಲಿನ ಮೊದಲನೆಯದು. ಉಪನಯನವಾದಾಗಿನಿಂದ ಇವರು ಉಪವಾಸ ತಪ್ಪಿಸಿದವರಲ್ಲ. ಹಿಂದಿನ ದಿನ ನಾನು ಮೆಲ್ಲನೆ, ‘ಊಟ ಬಿಡಬಾರದೆಂದು ಡಾಕ್ಟರು ಹೇಳಿದ್ದಾರಲ್ಲ’ ಎಂದೆ.

‘ಹೊತ್ತಿಗೆ ಸರಿಯಾಗಿ ಊಟ ಮಾಡಲು ಹೇಳಿದ್ದು. ಏಕಾದಶಿಗೆ ಊಟದ ಹೊತ್ತೇ ಇಲ್ಲ’ ಎಂದರು ಇವರು. ವಾಕ್ಯ ಹಿಡಿದು ವಾದಿಸಿದರೆ ಅವರನ್ನು ಗೆಲ್ಲಲಿಕ್ಕಾಗುವುದಿಲ್ಲ.

ಅತ್ತೆಯ ತರ್ಕ ಇನ್ನೂ ಗಟ್ಟಿ: ‘ಸಕ್ಕರೆ ಹೆಚ್ಚಾದದ್ದೇ ಕಾಯಿಲೆ ಅಲ್ವಾ? ಹಾಗಾದರೆ ಉಪವಾಸಕ್ಕಿಂತ ಒಳ್ಳೆ ಮದ್ದು ಎಂತ ಉಂಟು?’

ಬೆಳಿಗ್ಗೆ ದ್ರಾವಣ ತಿಳಿ ನೀಲಿಯಾಗಿಯೇ ಉಳಿಯಿತು. ದೇವರೇ ಒಪ್ಪಿದ ಹಾಗೆ ಮೂವರಿಗೂ ಸಂತೋಷ. ಇಂಜೆಕ್ಷನ್ ಒಂದು ದಿನವೂ ತಪ್ಪಬಾರದಲ್ಲ, ಇವರು ಅದನ್ನೂ ತಪ್ಪದೆ ಚುಚ್ಚಿಕೊಂಡರು. ಎರಡು ನಿಯಮ, ಎರಡನ್ನೂ ಪಾಲಿಸಿದರು.

ಅವತ್ತು ರಜೆ. ಮಧ್ಯಾಹ್ನ ಇವರು ಚಾವಡಿಯಲ್ಲಿ ಕೂತು ಮನೆಗೆ ತಂದಿದ್ದ ಪ್ರೂಫ್ ನೋಡುತ್ತಿದ್ದರು. ನಾನು ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದೆ. ಇದ್ದಕ್ಕಿದ್ದಂತೆ ಜೋರಾಗಿ ನಕ್ಕರು. ‘ಎಂತ?’ ಎಂದೆ. ‘ಅಕ್ಷರಗಳೆಲ್ಲ ಎದ್ದು ಕೈ ತೊಳೆಯಲಿಕ್ಕೆ ಹೋಗುತ್ತಿವೆ’ ಎಂದರು. ತಮಾಷೆ ಎಂದುಕೊಂಡೆ. ಮುಖ ನೋಡಿದರೆ ಬೆವರು ಗಲ್ಲದಿಂದ ಕಾಗದಕ್ಕೆ ತೊಟ್ಟಿಕ್ಕುತ್ತಿತ್ತು. ಕೈ ನಡುಗುತ್ತಿತ್ತು. ಮುಟ್ಟಿದರೆ ಮೈ ತಣ್ಣಗೆ.

ನಾನು ಅಡುಗೆಮನೆಗೆ ಓಡಿ ಸಕ್ಕರೆ ಕಲಸಿ ತಂದೆ. ಇವರು ನನ್ನ ಕೈಯನ್ನು ಸರಕ್ಕನೆ ತಳ್ಳಿದರು. ಅರ್ಧ ನೀರು ಚೆಲ್ಲಿತು.

‘ಏಕಾದಶಿ. ಬುದ್ಧಿ ಇಲ್ಲವಾ ನಿನಗೆ?’

ಇವರು ನನ್ನೊಡನೆ ಹಾಗೆ ಎಂದೂ ಮಾತಾಡಿದವರಲ್ಲ. ಹಲ್ಲು ಕಚ್ಚಿ ಹಿಡಿದರು. ಅತ್ತೆ ದೇವರ ಕೋಣೆಯಿಂದ ಬಂದರು.

‘ಅತ್ತೆ, ಇವರಿಗೆ ಈಗಲೇ ಸಕ್ಕರೆ ಹೋಗಬೇಕು.’

‘ಅವತ್ತು ಪಾನಕ ಕೊಟ್ಟದ್ದೇ ತಪ್ಪಾಯಿತು ಅಂದಿರಿ. ಈಗ ನೀನೇ ಸಕ್ಕರೆ ಕೊಡುತ್ತಿ.’

‘ಅವತ್ತು ಹೆಚ್ಚಾಗಿತ್ತು. ಈಗ ಏನೂ ಇಲ್ಲ. ಮಿದುಳಿಗೆ ಉರಿಯಲಿಕ್ಕೆ ಏನೂ ಇಲ್ಲ ಅತ್ತೆ. ಹೀಗೇ ಬಿಟ್ಟರೆ ಎಚ್ಚರ ತಪ್ಪುತ್ತದೆ. ಆಮೇಲೆ ಕುಡಿಸಲಿಕ್ಕೂ ಆಗುವುದಿಲ್ಲ.’

ಅವರು ಮಗನ ಮುಖ ನೋಡಿದರು. ಇವರು ತಾಯಿಯನ್ನು ನೋಡಿ, ‘ನೀವು ಯಾರು?’ ಎಂದು ಕೇಳಿದರು, ಮರ್ಯಾದೆಯಿಂದ, ಅಪರಿಚಿತರನ್ನು ಕೇಳುವ ಹಾಗೆ.

ಅತ್ತೆ ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಪಂಚಾಂಗ ನೋಡದೆ ತಿಥಿ ಹೇಳುವ ಹೆಂಗಸು. ತಿಥಿಯ ವಿಷಯದಲ್ಲಿ ಅವರ ಮಾತನ್ನು ಅಕ್ಕಪಕ್ಕದ ಮನೆಯವರೂ ನಂಬುತ್ತಿದ್ದರು. ಮಗನ ಪಕ್ಕ ಕೂತು, ಬೆನ್ನ ಮೇಲೆ ಕೈಯಿಟ್ಟು, ಬೆಳಗಿನ ಜಾವ ಎಬ್ಬಿಸುವಾಗಿನ ಅದೇ ದನಿಯಲ್ಲಿ ಹೇಳಿದರು:

‘ದ್ವಾದಶಿ ಬಂತು ಮಗ. ಪಾರಣೆಯ ಹೊತ್ತು. ಕುಡಿ.’

ಇವರು ಅಂಗಳದ ಬಿಸಿಲನ್ನು ನೋಡಿದರು. ‘ಬೆಳಗಾಯಿತಾ?’

‘ಬೆಳಗಾಯಿತು. ಕುಡಿ.’

ಉಪವಾಸ ಬಿಡುವ ಹೊತ್ತು ಬಂತೆಂದು ತಾಯಿ ಹೇಳಿದರೆ ಬೇಡವೆನ್ನಲು ಇವರಿಗೆ ಗೊತ್ತಿರಲಿಲ್ಲ. ಬಾಯಿ ತೆರೆದರು. ಅತ್ತೆ ಗುಟುಕು ಗುಟುಕಾಗಿ ಕುಡಿಸಿದರು, ನಾನು ಇನ್ನೊಂದು ಲೋಟ ಕಲಸಿ ತಂದೆ. ಒಂದಷ್ಟು ಹೊತ್ತು ಕಳೆದ ಮೇಲೆ ಬೆವರು ನಿಂತಿತು. ಇವರು ಗಡಿಯಾರ ನೋಡಿ, ಅಂಗಳ ನೋಡಿ, ಖಾಲಿ ಲೋಟ ನೋಡಿದರು.

‘ಅಮ್ಮ, ಇವತ್ತು ಏಕಾದಶಿಯೇ ಅಲ್ವಾ?’

‘ಹೌದು’ ಎಂದರು ಅತ್ತೆ. ‘ಸುಳ್ಳು ನಾನು ಹೇಳಿದ್ದು. ನಿನಗೆಂತ?’ ಎಂದವರೇ ದೇವರ ಕೋಣೆಗೆ ಹೋಗಿ ಬಾಗಿಲು ಓರೆ ಮಾಡಿಕೊಂಡರು.

ಮರುದಿನ ಮೂವರೂ ಮಣಿಪಾಲಕ್ಕೆ ಹೋದೆವು. ಡಾಕ್ಟರ ಮುಂದೆ ಮೊದಲು ಮಾತಾಡಿದ್ದು ಅತ್ತೆ. ‘ಉಣ್ಣದೆ ಇದ್ದರೆ ಸಕ್ಕರೆ ಕಡಿಮೆ ಆಗುವುದು ಒಳ್ಳೆಯದೇ ಅಲ್ವಾ? ದೋಷ ಎಲ್ಲಿ ಆದದ್ದು?’

ಡಾಕ್ಟರು ಕುರ್ಚಿಯನ್ನು ಅತ್ತೆಯ ಕಡೆ ಎಳೆದುಕೊಂಡರು. ‘ಇಂಜೆಕ್ಷನ್ ಅಂದರೆ ಪಂಕ್ತಿ ಕೂರಿಸಿದ ಹಾಗೆ ಅಮ್ಮ. ಬಾಗಿಲು ತೆಗೆದು, ಮೈಯ ಕಣಗಳನ್ನೆಲ್ಲ ಎಲೆಯ ಮುಂದೆ ಕೂರಿಸಿದಿರಿ. ಬಡಿಸಲೇ ಇಲ್ಲ.’

ಅತ್ತೆಯ ಮುಖ ಬದಲಾದದ್ದನ್ನು ನಾನು ನೋಡಿದೆ. ನಾನು ಎಷ್ಟು ಸಮೀಕರಣ ಬರೆದರೂ ಆಗದಿದ್ದದ್ದು ಆ ಒಂದು ಮಾತಿಗೆ ಆಯಿತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ತಮ್ಮಷ್ಟಕ್ಕೇ, ‘ಕೂರಿಸಿ ಬಡಿಸದೆ ಬಿಟ್ಟೆವಲ್ಲ’ ಎಂದುಕೊಳ್ಳುತ್ತಿದ್ದರು. ಇವರು ಕಿಟಕಿಯ ಕಡೆ ಮುಖ ತಿರುಗಿಸಿ ನಗು ತಡೆದುಕೊಳ್ಳುತ್ತಿದ್ದರು.

ಅದಾದ ಮೇಲೆ ಇವರು ಸುಧಾರಿಸುತ್ತ ಹೋದರು. ಕೆಟ್ಟದ್ದು ನಾನು. ಮದುವೆಮನೆಯ ಹಿತ್ತಲೂ ಚಾವಡಿಯ ಬೆವರೂ ಸರದಿಯಲ್ಲಿ ಕಣ್ಣ ಮುಂದೆ ಬರುತ್ತಿದ್ದವು. ಮಲಗಿದರೆ ಕಿವಿ ಇವರ ಉಸಿರಿಗೆ ಅಂಟಿಕೊಳ್ಳುತ್ತಿತ್ತು. ಉಸಿರು ಜೋರಾಯಿತೆಂದು ಎದ್ದು ಮೂಸುವುದು, ಮೆಲ್ಲಗಾಯಿತೆಂದು ಎದ್ದು ಕುತ್ತಿಗೆ ಒದ್ದೆಯಾಗಿದೆಯೇ ಎಂದು ಮುಟ್ಟುವುದು. ತಲೆದಿಂಬಿನ ಪಕ್ಕ ಇಟ್ಟ ಸಕ್ಕರೆ ಡಬ್ಬಿಗೆ ಇರುವೆ ಸಾಲುಗಟ್ಟಿ ಬಂದು ಇಬ್ಬರನ್ನೂ ಕಚ್ಚುತ್ತಿತ್ತು. ‘ಕಾಯಿಲೆಯಿಂದ ಸಾಯುವುದಿಲ್ಲ ನಾನು, ನಿನ್ನ ಇರುವೆ ಕಚ್ಚಿ ಸಾಯುತ್ತೇನೆ’ ಎಂದು ಇವರು ಗೊಣಗುತ್ತಿದ್ದರು. ಶಾಲೆಯಲ್ಲಿ ಪಾಠದ ನಡುವೆ ತೂಕಡಿಸುತ್ತಿದ್ದೆ. ಕಾಯಿಲೆಯವರ ಜೊತೆ ಇರುವವರ ನಿದ್ದೆಯ ಬಗ್ಗೆ ಯಾವ ಡಾಕ್ಟರೂ ಕೇಳುವುದಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ಇವರು ಬದುಕಿರುವಾಗ ನನ್ನದೊಂದು ದೂರೇ ಎನಿಸುತ್ತಿತ್ತು.

ಮುಂದಿನ ಏಕಾದಶಿಯೂ ರಜೆಯ ದಿನವೇ. ಬೆಳಿಗ್ಗೆ ಅಡುಗೆಮನೆಯಿಂದ ಹೊಗೆ ಕಂಡು ನಾನು ಗಾಬರಿಯಿಂದ ಹೋದೆ. ಏಕಾದಶಿಗೆ ನಮ್ಮ ಒಲೆ ಹೊತ್ತುವುದಿಲ್ಲ. ಅತ್ತೆ ಒಲೆಯ ಮುಂದೆ ಕೂತು ಗೋಧಿ ದೋಸೆ ಹೊಯ್ಯುತ್ತಿದ್ದರು. ಅವರ ಬಾಯಿಗೆ ಹನಿ ನೀರೂ ಹೋಗಿರಲಿಲ್ಲ. ಕಾವಲಿ ನೋಡುತ್ತಲೇ ಕೇಳಿದರು:

‘ಚುಚ್ಚಿಕೊಂಡನಾ?’

‘ಈಗಷ್ಟೇ.’

‘ಹಾಗಾದರೆ ಪಂಕ್ತಿ ಕೂತಾಯಿತು. ಕರೆ, ಬಡಿಸುವ.’

ಇವರು ಬಂದು ತಲೆ ತಗ್ಗಿಸಿ ಕೂತರು. ಅನ್ನವಲ್ಲ, ಫಲಾಹಾರ, ಕಾಯಿಲೆಯವರಿಗೆ ಶಾಸ್ತ್ರದಲ್ಲೇ ಉಂಟು ಎಂದು ಯಾರೂ ಕೇಳದಿದ್ದರೂ ಅತ್ತೆ ಹೇಳಿಕೊಂಡರು. ಮಧ್ಯಾಹ್ನವೂ ಸಂಜೆಯೂ ಹೊತ್ತಿಗೆ ಸರಿಯಾಗಿ ಬಡಿಸಿದರು. ಅವತ್ತಿಡೀ ನಾನು ಇವರ ಹಣೆ ನೋಡುತ್ತಿದ್ದೆ. ಒಂದು ಹನಿ ಬೆವರಿಲ್ಲ. ರಾತ್ರಿ ಬೇಗ ಮಲಗಿದೆವು.

ಶಾಲೆಗೆ ಆಗಷ್ಟೇ ರಜೆ ಶುರುವಾಗಿತ್ತು, ಆದರೂ ದ್ವಾದಶಿಯಂದು ನಮ್ಮಲ್ಲಿ ಕತ್ತಲಿರುವಾಗಲೇ ಏಳಬೇಕು. ನೀರು ಸೇದಿ, ಮಿಂದು, ಸೂರ್ಯ ಮೇಲೆ ಬರುವಷ್ಟರಲ್ಲಿ ಪಾರಣೆಯ ಅಡುಗೆ ಆಗಬೇಕು. ಸೊಸೆ ಮಲಗಿದ್ದಾಳೆ ಎಂದರೆ ಜ್ವರವೋ ಜಗಳವೋ ಇರಬೇಕು. ನಾನು ಕಣ್ಣು ಬಿಟ್ಟಾಗ ಬಿಸಿಲು ಕಿಟಕಿ ದಾಟಿ ನನ್ನ ಕಾಲಿನ ಮೇಲೆ ಬಿದ್ದಿತ್ತು. ಪಕ್ಕದ ಹಾಸಿಗೆ ಸುತ್ತಿಟ್ಟಿತ್ತು. ಓಡಿ ಹೋದರೆ ಅಡುಗೆಮನೆಯಲ್ಲಿ ಅತ್ತೆ ಮಂಡಿ ಮಡಚಿ ಕೂತು ಎಲೆ ಒರೆಸುತ್ತಿದ್ದರು.

‘ಇವರು ಎಲ್ಲಿ?’

‘ಎದ್ದ, ತಾನೇ ಸಿರಿಂಜು ಕುದಿಸಿದ, ಚುಚ್ಚಿಕೊಂಡ, ಉಂಡ, ಬಸ್ಸಿಗೆ ಹೋದ. ಪ್ರೆಸ್ಸಿಗೆ ಹೊತ್ತಾಗುವುದಿಲ್ಲವಾ?’

‘ನನ್ನನ್ನು ಯಾಕೆ ಎಬ್ಬಿಸಲಿಲ್ಲ ಅತ್ತೆ? ನಾನು ಒಂದು ಸಲವೂ ಎದ್ದು ನೋಡಲೇ ಇಲ್ಲ.’

‘ನೀನು ಏಳಲಿಲ್ಲ ಅಂತ ಅವನಿಗೇ ಹೆದರಿಕೆಯಾಯಿತು. ಹೊರಡುವ ಮೊದಲು ಒಳಗೆ ಬಂದು, ಉಸಿರು ಉಂಟೋ ಇಲ್ಲವೋ ಅಂತ ನಿನ್ನ ಮೂಗಿನ ಹತ್ತಿರ ಕೈ ಹಿಡಿದು ನೋಡಿ ಹೋದ’ ಎಂದರು ಅತ್ತೆ. ‘ಮುಖ ತೊಳೆದು ಬಾ. ಬಡಿಸುತ್ತೇನೆ.’